ಕ್ರಿಕೆಟ್ಟಿನ ನೇಮ, ಗಾಯರಾಣದ ನೇಮ

ನಾನು ಕಲಿತದ್ದು ಏಳನೆಯ ಇಯತ್ತೆ, ಅದೂ ನಮ್ಮೂರ ಕನ್ನಡ ಸಾಲ್ಯಾಗ. ಹೊಲ ಮಾಡಾಂವ. ಸುಗ್ಗಿ ಮುಗಿದ ಮ್ಯಾಲೆ ಗೀಗೀ ಮೇಳ ಕಟ್ಟಿಕೊಂಡು ಜತ್ತ, ಉಮದಿ, ಆಚೆ ಚಡಚಣ, ಇಂಡಿ ತನಕ ಹಾಡಲಿಕ್ಕೆ ಹೋಗಾಂವ. ಇಂಥಾಂವ ಕ್ರಿಕೆಟ್ಟಿನ ಮ್ಯಾಲೆ ಏನು ಬರೀತಾನ ಅಂತ ಓದುವ ಮಾಸ್ತರರಿಗೆ ನಗು ಬಂದರೂ ಬರಬಹುದು. ಆದರ ನಾನು 1983ರಿಂದ ಈ ಆಟ ಕೇಳಿಕೊಂಡು, ಆಮ್ಯಾಲೆ ನೋಡಿಕೊಂಡು ಬಂದೀನಿ. ಕಪಿಲ್ ದೇವನ ಮಂದಿ 183ಕ್ಕೆ ಆಲೌಟ್ ಆಗಿ, ವೆಸ್ಟ್ ಇಂಡೀಸಿನವರನ್ನು 140ಕ್ಕೆ ಕಟ್ಟಿ ಹಾಕಿದ ರಾತ್ರಿ ನಾವು ಹತ್ತು ಮಂದಿ ಒಂದು ರೇಡಿಯೋದ ಸುತ್ತ ಕುಂತಿದ್ದಿವಿ. ಆವಾಗ ಆ ಆಟ 60 ಓವರಿಂದು. 1987ರಾಗ ನಮ್ಮ ದೇಶ ಮತ್ತ ಪಾಕಿಸ್ತಾನ ಕೂಡಿ ವಿಶ್ವಕಪ್ ನಡಿಸಿದಾಗ ಅದನ್ನ 50 ಮಾಡಿದರು. ಹತ್ತು ಓವರ್ ಕಡಿಮಿ ಆತು ಅಂತ ಆಟ ಏನೂ ಸಾಯಲಿಲ್ಲ.

ಕಟ್ಟಿ ಮ್ಯಾಲೆ ಕುಂತಾಗ ಎರಡು ತರದ ಮಾತು ಕೇಳತೀನಿ. ವಯಸ್ಸಾದವರು, ‘ಮೊದಲಿನ ನೇಮ ಕೆಡಿಸಿ ಆಟ ಹಾಳ ಮಾಡಿದರು’ ಅನ್ನತಾರ. ಹುಡುಗೂರು, ‘ಮುತ್ಯಾ, ಇನ್ನೂ ಜೋರ ಮಾಡಬೇಕು, ಸಿಕ್ಸ್ ಹೆಚ್ಚಾಗಬೇಕು’ ಅನ್ನತಾವ. ನನಗ ಎರಡೂ ಸರಿ ಕಾಣೂದಿಲ್ಲ. ನೇಮ ಅನ್ನೂದು ಕಲ್ಲಿನ ಮ್ಯಾಲೆ ಕೆತ್ತಿ ಮೇಲಿಂದ ಇಳಿದು ಬಂದದ್ದಲ್ಲ. ಯಾರೋ ಒಬ್ಬ ಹಿಕಮತ್ತು ಮಾಡತಾನ, ಇನ್ನೊಬ್ಬ ಅನ್ಯಾಯ ಅಂತ ಬಾಯಿ ಮಾಡತಾನ, ಆಮ್ಯಾಲೆ ನಾಕು ಮಂದಿ ಕುಂತು ಒಂದು ನೇಮ ಹಾಕತಾರ.

ಇಂಗ್ಲಂಡಿನಾಗ 1771ರಾಗ ಥಾಮಸ್ ವೈಟ್ ಅನ್ನಾಂವ ಒಬ್ಬ ವಿಕೆಟ್ಟಿನಷ್ಟೇ ಅಗಲದ ಬ್ಯಾಟ್ ಹಿಡಕೊಂಡು ಆಡಲಿಕ್ಕೆ ಬಂದ. ನಮ್ಮ ಹೆಣ್ಣುಮಕ್ಕಳು ಹೊಳಿಯಾಗ ಅರಿವಿ ಬಡಿಯೂ ಹಲಿಗಿ ತಂದಂಗ ಆತು. ಹ್ಯಾಂಬಲ್ಡನ್ ಊರಿನ ಎದುರಾಳಿಗಳು ತಕರಾರು ತಗೆದರು. ಆವಾಗಿಂದ ಬ್ಯಾಟಿನ ಅಗಲ ನಾಕೂ ಕಾಲು ಇಂಚು ದಾಟಬಾರದು ಅಂತ ನೇಮ ಆತು, ಇವತ್ತಿಗೂ ಅದೇ ಅದ. ಅದಾಗಿ ನಾಕು ವರ್ಷಕ್ಕ, 1775ರಾಗ, ಲಂಪಿ ಸ್ಟೀವನ್ಸ್ ಅನ್ನೂ ಬೌಲರ್ ಒಬ್ಬನ ಚೆಂಡು ಮೂರು ಸಲ ವಿಕೆಟ್ಟಿನ ನಡುವೇ ಹಾದು ಹೋತು. ಆದರೂ ಬ್ಯಾಟ್ ಹಿಡಿದಾಂವ ಔಟ್ ಆಗಲಿಲ್ಲ. ಯಾಕಂದರ ಆವಾಗ ಕಟ್ಟಿಗಿ ಎರಡೇ ಇದ್ದವು. ಇದು ಬೌಲರಗ ಭಾಳ ಅನ್ಯಾಯ ಅಂತ ನೋಡಿದವರಿಗೆಲ್ಲಾ ಅನಿಸಿ, ನಡುವ ಮೂರನೆಯ ಕಟ್ಟಿಗಿ ಹುಗಿದರು. ನಮ್ಮ ಹುಡುಗೂರು ಮೂರು ಜಾಲಿ ಕಟ್ಟಿಗಿ ಹುಗಿಯೂವಾಗ ಆ ನಡುವಿನದು ಒಬ್ಬ ಬೌಲರನ ಹೊಟ್ಟಿಉರಿಯಿಂದ ಹುಟ್ಟಿದ್ದು ಅಂತ ಯಾರಿಗೆ ಗೊತ್ತದ? ಎಲ್‌ಬಿಡಬ್ಲ್ಯು ನೇಮಾನೂ ಹಂಗ. ಆಫ್ ಕಡೆ ಹೊರಗ ಬಿದ್ದ ಚೆಂಡನ್ನ ಬ್ಯಾಟಿಲೆ ಆಡದ ಬರೇ ಕಾಲಿನ ಪ್ಯಾಡಿಲೆ ತಡದು ನಿಲ್ಲೂದು ಹೆಚ್ಚಾದಾಗ, ಹಂತಾದ್ದು ವಿಕೆಟ್ಟಿನ ಎದುರು ಕಾಲಿಗೆ ಬಡಿದರೂ ಔಟ್ ಅಂತ 1937ರಾಗ ಕಾಯ್ದೆ ಮಾಡಿದರು.

ಅಂದರ ಹಿಂದಕ ನೇಮ ಬದಲಾದಾಗ ಭಾಳ ಸಲ ಬೌಲರನ ಕೈ ಹಿಡಿದು ಎಬ್ಬಿಸಲಿಕ್ಕೆ ಬದಲಾಗ್ಯಾವ. ಈಗೀಗ ಆಗೂದು ಬ್ಯಾರೆ. ಅದೇ ನನ್ನ ತಕರಾರು.

ಗೀಗೀ ಮೇಳದಾಗ ಎರಡು ಪಾರ್ಟಿ ಇರತಾವ, ಹರದೇಶಿ ಮತ್ತ ನಾಗೇಶಿ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡಬೇಕು. ದಪ್ಪು ಬಾರಿಸಿ, ತುಂತುಣಿ ಮೀಟಿ, ರಾತ್ರಿ ಒಂಬತ್ತಕ್ಕ ಸುರು ಆದರ ಬೆಳ್ಳಿ ಮೂಡೂತನಕ ಸವಾಲ್ ಜವಾಬ್. ನಾ ನಲವತ್ತು ವರ್ಷ ಹರದೇಶಿ ಹಾಡೀನಿ. ನಮ್ಮ ಮೇಳದಾಗ ಗುರುಗಳು ಹಾಕಿಕೊಟ್ಟ ನೇಮ ಎರಡೇ. ಸವಾಲು ಹಾಕಿದಾಂವಗ ಅದರ ಜವಾಬು ಮೊದಲು ಗೊತ್ತಿರಬೇಕು. ಮತ್ತ ಎದುರಿನವರು ಹಾಡೂವಾಗ ನಮ್ಮ ದಪ್ಪು ಬಾಯಿ ಮುಚ್ಚಿರಬೇಕು. ಇಬ್ಬರಿಗೂ ಸರಿಪಾಲು ಹೊತ್ತು. ಒಂದು ಸಲ ಒಂದೂರಾಗ ಪಂಚರು, ‘ಮಂದಿಗೆ ಹರದೇಶಿ ಹಾಡೇ ರುಚಿ ಹತ್ಯಾವ, ನೀವೇ ಹೆಚ್ಚಿಗಿ ಹಾಡರಿ’ ಅಂದರು. ನಾವು ಒಪ್ಪಿಕೊಳ್ಳಲಿಲ್ಲ. ಎದುರಿನವನ ಕೈ ಕಟ್ಟಿ ಹಾಕಿ ನಾ ಗೆದ್ದರ ಅದು ಹಾಡಿಕಿ ಅಲ್ಲ, ಬರೇ ಒದರಾಟ. ಮಂದಿ ಮೊದಲು ಚಪ್ಪಾಳಿ ಹೊಡೀತಾರ, ನಡುರಾತ್ರಿ ಹೊತ್ತಿಗೆ ಎದ್ದು ಮನಿಗೆ ಹೋಗತಾರ.

ಕ್ರಿಕೆಟ್ಟಿನಾಗ ಈಗ ಬೌಲರನ ದಪ್ಪು ಕಸಗೊಂಡಂಗ ಆಗ್ಯದ. ಹಗ್ಗದ ಬೌಂಡರಿ ಒಳಗ ಒಳಗ ಬಂದದ. ನೇಮದ ಪ್ರಕಾರ 65 ಗಜದಿಂದ 90 ಗಜದ ತನಕ ಎಲ್ಲೆರ ಇಡಬಹುದು. ಇಡೋರು ಯಾವ ಕಡೆ ವಾಲತಾರ ನೀವೇ ನೋಡೀರಿ. ಬ್ಯಾಟ್ ದಪ್ಪ ಆಗ್ತಾ ಆಗ್ತಾ ತೊಲಿ ಆಗಿತ್ತು, 2017ರಾಗ ಅಂಚು 40 ಮಿಲಿಮೀಟರ್ ದಾಟಬಾರದು ಅಂತ ಒಂದು ಕಡಿವಾಣ ಹಾಕಿದರು, ಅಷ್ಟಾದರೂ ಆತು. ನೋಬಾಲ್ ಹಾಕಿದರ ಮುಂದಿನ ಚೆಂಡು ಫ್ರೀ ಹಿಟ್. ಇಪ್ಪತ್ತು ಓವರಿನ ಆಟದಾಗ ಬ್ಯಾಟ್ ಹಿಡಿದಾಂವ ಬೇಕಾದರ ಇಪ್ಪತ್ತೂ ಓವರ್ ಆಡಬಹುದು, ಬೌಲರ್ ಎಷ್ಟೇ ಛಲೋ ಹಾಕಲಿ, ನಾಕು ಓವರ್ ಆದ ಮ್ಯಾಲೆ ಹೋಗಿ ಬೌಂಡರಿಯಾಗ ನಿಂದರಬೇಕು. ಮೂರು ವಿಕೆಟ್ ಕಿತ್ತಾಂವಗ ಐದನೆಯ ಓವರ್ ಕೊಡರಿ ಅಂತ ನಾ ಅನ್ನತೀನಿ. ಕಬ್ಬು ಕಡಿಯೂ ಟೋಳಿಯಾಗ ಜೋರ ಕೊಯ್ತಾ ಹಾಕಾಂವನನ್ನ ಮಧ್ಯಾಹ್ನಕ್ಕೇ ಮನಿಗೆ ಕಳಸ್ತಾರೇನು? ಐಪಿಎಲ್‌ದಾಗ 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ಅಂತ ಹನ್ನೆರಡನೆಯಾಂವನ್ನೂ ಆಡಸ್ತಾರ. ಅದರಿಂದ ಎರಡೂ ಕೆಲಸ ಬಲ್ಲಾಂವಗ, ಅಂದರ ಬ್ಯಾಟೂ ಹಿಡದು ಚೆಂಡೂ ಹಾಕಾಂವಗ, ಬೆಲೆ ಕಡಿಮಿ. ಒಕ್ಕಲತನದಾಗ ಒಂದೇ ಕೆಲಸ ಬಲ್ಲಾಂವ ಬದುಕಿದ್ದು ನಾ ಕಂಡಿಲ್ಲ.

ಲೆಗ್ ಬೈ ಅನ್ನೂದು ನನ್ನ ಮನಸಿಗೆ ಎಂದೂ ಬಂದಿಲ್ಲ. ಬ್ಯಾಟ್ ಬೀಸಿದ, ತಪ್ಪಿತು, ಚೆಂಡು ತೊಡಿಗೆ ಬಡದು ಆಚೆ ಹೋತು, ಓಡಿ ಒಂದು ರನ್ ತಗೊಂಡ. ತಪ್ಪಿದ್ದಕ್ಕ ಪಗಾರ! ಛಲೋ ಚೆಂಡು ಹಾಕಿದಾಂವಗ ದಂಡ. ಅದನ್ನ ತಗೆದು ಹಾಕಿದರ ಆಟಕ್ಕ ಯಾವ ನಷ್ಟಾನೂ ಇಲ್ಲ.

ಒಂದು ನೇಮ ಮಾತ್ರ ಈಚೆಗೆ ಸರಿ ದಾರಿಗೆ ಬಂದದ. 2011ರಿಂದ 50 ಓವರಿನ ಆಟದಾಗ ಎರಡೂ ತುದಿಗೆ ಒಂದೊಂದು ಹೊಸ ಚೆಂಡು ಕೊಡತಿದ್ದರು. ಹಂಗಾಗಿ ಯಾವ ಚೆಂಡಿಗೂ 25 ಓವರಿಗಿಂತ ಹೆಚ್ಚು ವಯಸ್ಸೇ ಆಗತಿದ್ದಿಲ್ಲ. ಚೆಂಡು ಒಂದು ಮಗ್ಗಲು ಸವೀಬೇಕು, ಒಂದು ಮಗ್ಗಲು ಹೊಳೀಬೇಕು, ಆವಾಗ ಅದು ಗಾಳ್ಯಾಗ ತಿರುವು ತಗೋತದ. ಸ್ಪಿನ್ ಹಾಕಾಂವಗೂ ಹಳೇ ಚೆಂಡೇ ಕೈಗೆ ಸಿಗತದ. 2025ರ ಜುಲೈದಿಂದ, 34 ಓವರ್ ಆದ ಮ್ಯಾಲೆ ಎರಡರಾಗ ಒಂದು ಚೆಂಡು ಆರಿಸಿಕೊಂಡು ಅದರಾಗೇ ಮುಗಸ್ರಿ ಅಂದಾರ. ಮುಪ್ಪಿಗೂ ಒಂದು ಕಿಮ್ಮತ್ತು ಅದ ಅಂತ ಒಪ್ಪಿಕೊಂಡಂಗ ಆತು.

ಇಷ್ಟು ದೊಡ್ಡವರ ಆಟದ ಮಾತು. ನೇಮ ಹಾಕಿದರ ಏನಾಗತದ ಅಂತ ನಾ ಕಣ್ಣಾರೆ ಕಂಡದ್ದು ನಮ್ಮೂರ ಗಾಯರಾಣದಾಗ. ಗಾಯರಾಣಕ್ಕ ಹತ್ತಿ ಒಂದು ಕಡೆ ನನ್ನ ಹೊಲ, ಅದರ ಬದುವಿನ ಆಚೆ ನಮ್ಮ ಅಣ್ಣ ಅನ್ನಸಿಕೊಳ್ಳೂ ಹಿರಿಯರೊಬ್ಬರ ಹೊಲ. ಇಬ್ಬರದೂ ಹಿಂಗಾರಿ ಮಾಲದಂಡಿ ಜ್ವಾಳ. ನಮ್ಮ ಕಡೆ ಮಳಿ ಹೆಂಗಂತ ನಿಮಗ ಗೊತ್ತದ. ಆ ಜ್ವಾಳ ಬಂದರ ಮನ್ಯಾಗ ರೊಟ್ಟಿ, ದನಕ್ಕ ಕಣಕಿ. ಬರದಿದ್ದರ ಎರಡೂ ಕೊಂಡು ತಿನ್ನೂದು. ಎಳ್ಳಮಾಸಿ ಹೊತ್ತಿಗೆ ತೆನಿ ಹೊಡಿ ಬಿಚ್ಚತದ. ಸಾಲಿ ಹುಡುಗೂರ ಟೆನಿಸ್ ಚೆಂಡಿನ ಆಟಾನೂ ಅದೇ ಹೊತ್ತಿಗೆ ಜೋರ. ಚೆಂಡು ಜ್ವಾಳದಾಗ ಹೋದರ ಆರು ಮಂದಿ ಒಮ್ಮೆ ನುಗ್ಗತಿದ್ದರು. ಎಡಕ್ಕೊಂದು ದಂಟು, ಬಲಕ್ಕೊಂದು ದಂಟು ಮುರದು, ಆನಿ ಹೊಕ್ಕಂಗ ಆಗತಿತ್ತು.

ಅಣ್ಣ ಸಿಟ್ಟಿಗೆದ್ದು ಗಾಯರಾಣದ ದಾರಿಗೆ ಜಾಲಿ ಕಂಟಿ ಬಡದ. ಹುಡುಗೂರು ರಾತ್ರಿ ಕಂಟಿ ಕಿತ್ತಿ ಒಗದರು. ಆತ ಪೋಲೀಸ ಠಾಣೆಗೆ ಹೋಗತೀನಿ ಅಂದ, ಹುಡುಗೂರ ಅಪ್ಪಂದಿರು ಗಾಯರಾಣ ಯಾರಪ್ಪಂದು ಅಂದರು. ಎರಡು ಓಣಿ ನಡುವ ಹದಿನೈದು ದಿನ ಮಾತು ನಿಂತವು. ನನ್ನ ಮಮ್ಮಗನೂ ಆಡಾಂವ, ಅಣ್ಣನ ಮಮ್ಮಗನೂ ಆಡಾಂವ, ಆದರೂ ಮಾತಿಲ್ಲ. ಕಡೀಗೆ ಗುಡಿ ಕಟ್ಟಿಗೆ ಕೂಡಿದಾಗ ಕೆಲವರು ಆಟ ಬಂದ ಮಾಡರಿ ಅಂದರು. ಆಟ ಬಂದ ಮಾಡಿದರ ಹುಡುಗೂರು ಎಲ್ಲಿ ಹೋಗತಾವ? ಸಂಜಿಕ ಮೋಬೈಲ್ ಹಿಡಕೊಂಡು ಮೂಲ್ಯಾಗ ಕೂಡತಾವ, ಇಲ್ಲಾ ನಿಲ್ದಾಣದ ಕಡೆ ಹೋಗತಾವ. ನಾ ಅಂದೆ, ಆಟ ನಿಲ್ಲಿಸೂದು ಬ್ಯಾಡ, ನೇಮ ಒಂದು ಹಾಕೂಣು. ಚೆಂಡು ಜ್ವಾಳದಾಗ ಬಿದ್ದರ ಹೊಡದಾಂವ ಔಟ್. ಮತ್ತ ಚೆಂಡು ತರಲಿಕ್ಕೆ ಆತ ಒಬ್ಬನೇ ಹೋಗಬೇಕು, ಸಾಲಿನ ನಡುವ ನಡದು ಹೋಗಬೇಕು.

ಹುಡುಗೂರು ಭಾಳ ಗೊಣಗಿದರು. ಸಿಕ್ಸ್ ಹೊಡದರ ಔಟ್ ಅಂದರ ಅದೇನು ಆಟ ಮುತ್ಯಾ ಅಂತ. ಆದರ ಒಂದು ತಿಂಗಳದಾಗ ನಾ ಬದುವಿನ ಮ್ಯಾಲೆ ಕುಂತು ನೋಡತೀನಿ, ಚೆಂಡು ನೆಲ ಬಿಟ್ಟು ಏಳೂದು ಕಡಿಮಿ ಆಗ್ಯದ. ಮುಂದಿನ ಕಾಲು ಇಟ್ಟು, ಮಣಿಕಟ್ಟು ತಿರುವಿ, ಖಾಲಿ ಜಾಗಾ ನೋಡಿ ನೆಲದ ಮ್ಯಾಲೇ ಹೊಡಿಲಿಕ್ಕೆ ಕಲತಾವ. ಗುಂಡಪ್ಪ ವಿಶ್ವನಾಥ್ ಅವರ ಆಟದ ಬಗ್ಗೆ ರೇಡಿಯೋದಾಗ ಹೇಳತಿದ್ದರಲ್ಲ, ಆ ತರದ್ದು. ಕೋಚ್ ಇಲ್ಲ, ನೆಟ್ಟಿಲ್ಲ, ಬರೇ ಒಂದು ಜ್ವಾಳದ ಹೊಲ ಕಲಿಸಿತು.

ಅಷ್ಟಕ್ಕೇ ಮುಗೀಲಿಲ್ಲ. ನೇಮ ಹಾಕಿದ ಮ್ಯಾಲೆ ಅದಕ್ಕೊಂದು ಸಂದು ಹುಡುಕೂದು ಮನಶ್ಯಾನ ಗುಣ. ಬೌಲರ್‌ಗಳು ಬೇಕಂತಲೇ ಜ್ವಾಳದ ಕಡೆ ಹೋಗೂ ಹಂಗ ಕಾಲಿನ ಬಾಜೂಕ ಚೆಂಡು ಹಾಕಲಿಕ್ಕೆ ಸುರು ಮಾಡಿದರು, ಬ್ಯಾಟ್ ತಾಗಿದರ ಸಾಕು ಔಟ್. ಅದಕ್ಕ ಮತ್ತೊಂದು ನೇಮ: ಕಾಲಿನ ಹಿಂದ ಹೋದದ್ದು ವೈಡ್, ಅದು ಜ್ವಾಳದಾಗ ಹೋದರ ಬೌಲರನೇ ಹೋಗಿ ತರಬೇಕು. ಆಮ್ಯಾಲೆ ಸರಿ ಹೋತು. ರಾಶಿ ಮುಗಿದ ಮ್ಯಾಲೆ ಈ ನೇಮ ತಾನೇ ರದ್ದ, ಬೇಸಿಗ್ಯಾಗ ಎಷ್ಟರ ಸಿಕ್ಸ್ ಹೊಡಕೋರಿ. ಆ ವರ್ಷ ಅಣ್ಣ ತಾನೇ ಹುಡುಗೂರನ್ನ ಕರದು ಸೀತನಿ ಸುಟ್ಟು ಕೊಟ್ಟ. ದೊಡ್ಡ ಮಂದಿ ನೇಮ ಮಾಡೂವಾಗಲೂ ಹಿಂಗೇ ಒಂದು ಹಂಗಾಮ ನಡಿಸಿ ನೋಡಬೇಕು, ಎಲ್ಲಿ ಸಂದು ಬಿದ್ದದ ಅಂತ ಹುಡುಕಬೇಕು, ಆಮ್ಯಾಲೆ ಕಾಯಂ ಮಾಡಬೇಕು.

ಹಂಗ ನೋಡದೆ ಮಾಡಿದರ ಏನಾಗತದ ಅನ್ನಲಿಕ್ಕೆ 1992ರ ಮಳಿ ನೇಮ ಅದ. ಸಿಡ್ನಿಯಾಗ ಸೆಮಿಫೈನಲ್, ಇಂಗ್ಲಂಡ್ ಮತ್ತ ದಕ್ಷಿಣ ಆಫ್ರಿಕಾ. ಆಫ್ರಿಕಾದವರಿಗೆ 13 ಚೆಂಡಿಗೆ 22 ರನ್ ಬೇಕಿತ್ತು. ಸ್ವಲ್ಪ ಹೊತ್ತು ಮಳಿ ಆತು. ತಿರುಗಿ ಬಂದಾಗ ಉಳಿದದ್ದು ಒಂದೇ ಚೆಂಡು, ಬೇಕಾದದ್ದು ಹಲಗಿ ಮ್ಯಾಲೆ 22, ಖರೇ ಲೆಕ್ಕ 21. ಎರಡು ಓವರ್ ಕಡದರು, ರನ್ ಕಡದದ್ದು ಒಂದು. ಯಾಕ? ಮೊದಲು ಆಡಿದವರು ಯಾವ ಓವರಿನಾಗ ಭಾಳ ಕಡಿಮಿ ರನ್ ಹೊಡದಿದ್ದರೋ ಆ ಓವರೇ ಕಡೀಬೇಕು ಅಂತ ಆವಾಗಿನ ನೇಮ. ಅಂದರ ಆಫ್ರಿಕಾದ ಬೌಲರ್‌ಗಳು ರನ್ ಕೊಡದ ಛಲೋ ಹಾಕಿದ ಓವರ್‌ಗಳೇ ಅವರ ಕುತ್ತಿಗಿಗೆ ಬಂದವು. ದುಡದವಗೇ ದಂಡ.

ಆಮ್ಯಾಲೆ ಡಕ್ವರ್ಥ್ ಮತ್ತ ಲೂಯಿಸ್ ಅನ್ನೂ ಇಬ್ಬರು ಲೆಕ್ಕದ ಪಂಡಿತರು ಹೊಸ ಲೆಕ್ಕ ಹಾಕಿಕೊಟ್ಟರು, 1997ರಿಂದ ಅದು ಬಳಕಿಗೆ ಬಂತು. ಅದು ಯಾರಿಗೂ ತಿಳಿಯೂದಿಲ್ಲ ಅಂತ ನಗ್ಯಾಡತಾರ. ಒಕ್ಕಲಿಗನಿಗೆ ತಿಳೀತದ. ಪೈರು ದಡ ಮುಟ್ಟಬೇಕಾದರ ಎರಡು ನೋಡತೀವಿ: ಬಾವ್ಯಾಗ ನೀರು ಎಷ್ಟು ಉಳದದ, ಸುಗ್ಗಿಗೆ ದಿನ ಎಷ್ಟು ಉಳದಾವ. ದಿನ ಭಾಳ ಅದಾವ, ನೀರಿಲ್ಲ ಅಂದರ ಉಪಯೋಗ ಇಲ್ಲ. ಅಲ್ಲಿ ನೀರು ಅಂದರ ಉಳಿದ ವಿಕೆಟ್, ದಿನ ಅಂದರ ಉಳಿದ ಓವರ್. ಎರಡೂ ಕೂಡಿಸಿ ಬೆಲೆ ಕಟ್ಟಿ ಎಷ್ಟು ರನ್ ಬೇಕು ಅಂತ ಹೇಳತಾರ. ಅಷ್ಟೇ. ಮಳಿಗಾಗಿ ಕೈ ಮುಗಿಯೂ ನಮ್ಮ ತಾಲೂಕಿನಾಗ ಮಾತ್ರ ಈ ನೇಮದ ಗರಜು ಭಾಳ ಬೀಳೂದಿಲ್ಲ. ಮಳಿ ಬಂದರ ಹುಡುಗೂರು ಬ್ಯಾಟ್ ಒಗದು ಕುಣೀತಾವ.

ಇನ್ನೊಂದು ನೇಮದ ಬಗ್ಗೆ ಮಂದಿ ಭಾಳ ಜಗಳಾಡತಾರ. ಬೌಲರ್ ಚೆಂಡು ಹಾಕೂ ಮೊದಲೇ ಆ ತುದಿಯ ಬ್ಯಾಟ್ಸಮನ್ ಗೆರಿ ದಾಟಿ ಮುಂದ ಹೋಗೂದು, ಬೌಲರ್ ಬೇಲ್ಸ್ ಹಾರಿಸಿ ಔಟ್ ಮಾಡೂದು. ನಮ್ಮ ವಿನೂ ಮಂಕಡ್ 1947ರಾಗ ಆಸ್ಟ್ರೇಲಿಯಾದಾಗ ಬಿಲ್ ಬ್ರೌನನನ್ನ ಹಿಂಗ ಔಟ್ ಮಾಡಿದ, ಅವನ ಹೆಸರೇ ಅದಕ್ಕ ಬಿತ್ತು, ಕಳ್ಳತನ ಮಾಡಿದವರಂಗ. 2022ರಾಗ ದೀಪ್ತಿ ಶರ್ಮಾ ಅನ್ನೂ ಹುಡುಗಿ ಲಾರ್ಡ್ಸ್ ಮೈದಾನದಾಗ ಚಾರ್ಲಿ ಡೀನಳನ್ನ ಹಿಂಗೇ ಔಟ್ ಮಾಡಿದಾಗಲೂ ಕೂಗಾಡಿದರು. ಅದೇ ವರ್ಷ ಅಕ್ಟೋಬರದಾಗ, ಅನ್ಯಾಯದ ಆಟದ ಕಲಮಿನಾಗಿದ್ದ ಈ ಮಾತನ್ನ ತಗೆದು ರನೌಟಿನ ಕಲಮಿನಾಗ ಇಟ್ಟರು. ಸರಿ ಮಾಡಿದರು. ನಾ ಒಕ್ಕಲಿಗ, ನನಗ ಇದು ಬದುವಿನ ಜಗಳ ಕಂಡಂಗ ಕಾಣತದ. ಪ್ರತಿ ವರ್ಷ ಒಂದೊಂದು ಗೇಣು ಬದು ಒತ್ತಿ ಹರಗತಾನ ಒಬ್ಬ, ಹತ್ತು ವರ್ಷಕ್ಕ ಒಂದು ಪಟ್ಟಿ ನುಂಗಿರತಾನ. ಕೇಳಲಿಕ್ಕೆ ಹೋದರ, ‘ಒಂದು ಗೇಣಿಗೆ ಇಷ್ಟ್ಯಾಕ ಜಗಳ, ಮರ್ಯಾದಿ ಇಲ್ಲೇನು’ ಅಂತ ಕೇಳಿದವನನ್ನೇ ಬೈತಾರ. ಗೆರಿ ದಾಟಿದಾಂವ ಯಾರು ಅಂತ ಮೊದಲು ನೋಡಬೇಕು.

ಹಂಗಂತ ಎಲ್ಲಾ ನೇಮದಾಗೇ ಬರೂದಿಲ್ಲ. 1980ರಾಗ ಮುಂಬೈಯಾಗ ಇಂಗ್ಲಂಡಿನ ಕೂಡ ಟೆಸ್ಟ್, ನಮ್ಮ ಭದ್ರಾವತಿಯ ವಿಶ್ವನಾಥ್ ಅವರೇ ಕ್ಯಾಪ್ಟನ್. ಬಾಬ್ ಟೇಲರಗ ಅಂಪೈರ್ ಔಟ್ ಕೊಟ್ಟರು. ಇಲ್ಲ, ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಿಶ್ವನಾಥ್ ಅವರಿಗೆ ಅನಿಸಿ ಅವನನ್ನ ತಿರುಗಿ ಕರದರು. ಆ ಟೇಲರ್, ಬೋಥಮ್ ಕೂಡಿ 171 ರನ್ ಜೋಡಸಿದರು, ನಾವು 10 ವಿಕೆಟ್ಟಿಲೆ ಸೋತಿವಿ. ಈಗ ಕ್ಯಾಮರಾ ಬಂದಾವ, ಹಿಂತಾ ಕೆಲಸ ಯಂತ್ರ ಮಾಡತದ. ಯಂತ್ರ ತಿರುಗಿ ಕರದರ ಯಾರೂ ನೆನಸೂದಿಲ್ಲ. ವಿಶ್ವನಾಥ್ ಕರದದ್ದನ್ನ ಸೋತ ನಾವೂ ನೆನಸತೀವಿ.

ಕಡೀಗೆ ಈಚಿನ ಮಾತು. 2025ರ ನವೆಂಬರ 2ಕ್ಕ ನಮ್ಮ ಹೆಣ್ಣುಮಕ್ಕಳು ನವಿ ಮುಂಬೈಯಾಗ ವಿಶ್ವಕಪ್ ಗೆದ್ದರಲ್ಲ, ಅದರಾಗ ಸ್ಮೃತಿ ಮಂಧಾನಾ ನಮ್ಮ ಸಾಂಗಲಿಯಾಗ ಬೆಳದ ಹುಡುಗಿ, ನಮ್ಮ ಜಿಲ್ಲಾದಾಕಿ. ಅವತ್ತಿಂದ ನಮ್ಮೂರ ಸಾಲಿ ಹುಡುಗ್ಯಾರೂ ಗಾಯರಾಣಕ್ಕ ಬರತಾರ. ಹುಡುಗೂರು ಅವರಿಗೊಂದು ನೇಮ ಮಾಡಿದರು: ಹುಡುಗಿ ಎರಡು ಸಲ ಔಟ್ ಆದರ ಒಮ್ಮೆ ಔಟ್ ಹಿಡಿಯೂದು, ಅವರ ರನ್ ಎಣಸೂದಿಲ್ಲ. ಕಚ್ಚಾ ಲಿಂಬು ಅನ್ನತೀವಲ್ಲ, ಹಂಗ. ನನ್ನ ಮಗಳ ಮಗಳು ಎಂಟನೆಯ ಇಯತ್ತೆಯಾಕಿ, ಎಡಗೈಲೆ ಚೆಂಡು ಹಾಕತಾಳ. ಆಕಿ ಮನಿಗೆ ಬಂದು, ‘ಮುತ್ಯಾ, ನನಗ ಕಚ್ಚಾ ಲಿಂಬು ಬ್ಯಾಡ. ನೀ ನೇಮ ಮಾಡಾಂವಲ್ಲ, ಇದಕ್ಕೇನು ಮಾಡತಿ?’ ಅಂದಳು. ನಲವತ್ತು ವರ್ಷ ಕಟ್ಟಿ ಮ್ಯಾಲೆ ನಿಂತು ಗಂಡು ಹೆಚ್ಚು ಅಂತ ಹಾಡಿದ ಹರದೇಶಿಯಾಂವಗ ಮನ್ಯಾಗೇ ನಾಗೇಶಿ ಸವಾಲು ಬಿತ್ತು.

ದೊಡ್ಡವರ ಆಟದಾಗ ಹೆಣ್ಣುಮಕ್ಕಳ ಚೆಂಡಿನ ತೂಕ 140ರಿಂದ 151 ಗ್ರಾಮ, ಗಂಡಸರದಕ್ಕಿಂತ ಸ್ವಲ್ಪ ಹಗುರ. ನಮ್ಮ ಟೆನಿಸ್ ಚೆಂಡಿಗೆ ಆ ಫರಕೂ ಇಲ್ಲ. ಹಂಗಾಗಿ ಔಟ್ ಅಂದರ ಔಟ್, ರನ್ ಅಂದರ ರನ್, ಇದರಾಗ ವಿಚಾರ ಮಾಡೂದೇ ಏನಿಲ್ಲ. ಹುಡುಗೂರು ಎರಡು ದಿನ ಮಕ ತಿರುವಿದರು, ಆಕಿ ಚೆಂಡಿಗೆ ಮೂರು ಮಂದಿ ಬೋಲ್ಡ್ ಆದ ಮ್ಯಾಲೆ ಸುಮ್ಮನಾದರು.

ಖರೇ ತೊಡಕು ಇದ್ದದ್ದು ಬ್ಯಾರೆ. ಬೇಸಿಗಿ ಬಂದರ ಸಂಜಿ ಐದಕ್ಕ ನೀರಿನ ಟ್ಯಾಂಕರ್ ಬರತದ. ಆಟ ಸುರು ಆಗೂದೂ ಅದೇ ಹೊತ್ತಿಗೆ. ಹುಡುಗ್ಯಾರು ಕೊಡ ಹಿಡಕೊಂಡು ಪಾಳೇಕ ನಿಂದರಬೇಕು, ಹುಡುಗೂರು ಟಾಸ್ ಹಾಕಬೇಕು. ಹಿಂತಾದರಾಗ ಆಕಿಗೆ ಸರಿಪಾಲು ಓವರ್ ಕೊಟ್ಟೇನು ಉಪಯೋಗ? ಅದಕ್ಕ ಈ ಸಲ ಗಾಯರಾಣದ ನೇಮದಾಗ ಒಂದು ಹೊಸಾದು ಸೇರಿಸೀವಿ. ಮಾಸ್ತರರ ಅಕ್ಷರದಾಗ ಬರಸಿ ವಾಚನಾಲಯದ ಬಾಗಲಿಗೆ ಹಚ್ಚೀವಿ: ಟ್ಯಾಂಕರ್ ಖಾಲಿ ಆಗೂತನಕ ಟಾಸ್ ಇಲ್ಲ, ಆಡೋರೆಲ್ಲಾ, ಹುಡುಗರಿರಲಿ ಹುಡುಗ್ಯಾರಿರಲಿ, ತಮ್ಮ ತಮ್ಮ ಮನಿಗೆ ಆರು ಕೊಡ ನೀರು ಹಾಕಿಯೇ ಮೈದಾನಕ್ಕ ಇಳೀಬೇಕು.

ಹಚ್ಚಿ ಇನ್ನೂ ಎಂಟು ದಿನ ಆಗಿಲ್ಲ, ಆಗಲೇ ಒಬ್ಬಾಂವ ಸಂದು ಹುಡುಕ್ಯಾನ. ಸಣ್ಣ ಪ್ಲಾಸ್ಟಿಕ್ ಕೊಡ ಹೊತ್ತು ಆರು ಆದವು ಅನ್ನತಾನ. ಕೊಡದ ಅಳತಿಗೆ ಇನ್ನೊಂದು ನೇಮ ಬೇಕು ಅಂತ ಹುಡುಗ್ಯಾರು ಕೇಳಲಿಕ್ಕೆ ಹತ್ಯಾರ, ಬರೂ ಸೋಮವಾರ ಕಟ್ಟಿಗೆ ಕೂಡತೀವಿ.